ರೇಡಿಯೋದ ಹಣೆಯ ಬೊಟ್ಟು

(ಕಲಬುರಗಿಯಲ್ಲಿ ಹಳೇ ವಸ್ತು ಕೂಡಿಡುವವರು ಸೇರಿದ್ದ ಒಂದು ಸಂಜೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಾತಿನ ಧಾಟಿಯನ್ನು ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಗುಂಡಿ ತಿರುಗಿಸಿಬಿಡುತ್ತೇನೆ. ಟಕ್ ಅಂತು, ಕೇಳಿಸಿತಲ್ವಾ? ಡಯಲ್ ದೀಪವೂ ಹತ್ತಿತು. ಆದರೆ ಸದ್ದಿಲ್ಲ. ಗಾಬರಿಯಾಗಬೇಡಿ, ಕೆಟ್ಟಿಲ್ಲ. ಒಳಗಿನ ವಾಲ್ವ್ ಕಾಯಬೇಕು, ಅಂದರೆ ಬಲ್ಬಿನಂಥ ಗಾಜಿನ ಕೊಳವೆ ಬಿಸಿಯಾಗಬೇಕು. ಅದು ಕಾಯುವ ತನಕ ನಾವೂ ಕಾಯಬೇಕು. ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು ಇರುವುದು ಈ ರೇಡಿಯೋಗಳಿಗಾಗಿಯೇ ಇರಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಬಂತು ನೋಡಿ, ಸಣ್ಣಗೆ ಗುಂಯ್ ಅನ್ನುತ್ತಿದೆ. ಮುಂದಿನ ಸಾಲಿನವರು ಈ ಹಸಿರು ಕಣ್ಣನ್ನು ನೋಡಿ. ಇದಕ್ಕೆ ಮ್ಯಾಜಿಕ್ ಐ ಅನ್ನುತ್ತಿದ್ದರು. ಸ್ಟೇಷನ್ ಸರಿಯಾಗಿ ಸಿಕ್ಕಾಗ ಹಸಿರು ಬೆಳಕಿನ ನಡುವಿನ ನೆರಳು ಕಿರಿದಾಗುತ್ತದೆ. ಇಲ್ಲಿ ಸ್ಟೇಷನ್ ಹಿಡಿಯುವುದು ಕಷ್ಟ. ಮೇಲಿರುವ ಎಲ್‌ಇಡಿ ದೀಪಗಳು, ನಿಮ್ಮ ಫೋನ್ ಚಾರ್ಜರ್‌ಗಳು ಎಲ್ಲವೂ ಸೇರಿ ಮೀಡಿಯಂ ವೇವ್ ಮೇಲೆ ಕರಕರ ಸುರಿಯುತ್ತಿವೆ. ಹಾಗಾಗಿ ಸದ್ದು ತಗ್ಗಿಸಿ ಸುಮ್ನೆ ಉರಿಯಲು ಬಿಡುತ್ತೇನೆ. ಪಕ್ಕದಲ್ಲಿ ಈ 60 ವ್ಯಾಟ್ ಬಲ್ಬ್ ಯಾಕಿದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಇದು ಮರ್ಫಿ. ಹೆಸರು ಇಂಗ್ಲೆಂಡಿನದು, ಅಲ್ಲಿ ಕಂಪನಿ ಹುಟ್ಟಿದ್ದು 1929ರಲ್ಲಿ. ಈ ಸೆಟ್ ತಯಾರಾದದ್ದು ನಮ್ಮಲ್ಲೇ. ಬಾಯಿಗೆ ಬೆರಳಿಟ್ಟ ಮರ್ಫಿ ಕೂಸಿನ ಕ್ಯಾಲೆಂಡರ್ ನಿಮ್ಮ ಮನೆಗಳಲ್ಲೂ ತೂಗಿರಬಹುದು. ನನಗೆ ಇದು ಸಿಕ್ಕಿದ್ದು ಶಹಾಬಜಾರಿನ ಒಂದು ಹಳೇ ಮನೆಯಲ್ಲಿ. ಆ ಮನೆಯ ಮೊಮ್ಮಗ ನಮ್ಮ ಬ್ಯಾಂಕಿಗೆ ಬರುತ್ತಿದ್ದ. ನಾನಿನ್ನೂ ನೌಕರಿಯಲ್ಲಿದ್ದೆ. “ಸರ್, ಮುತ್ಯಾನ ರೇಡಿಯೋ ಅದ. ಮನಿ ಕೆಡವಲಿಕತ್ತೇವಿ. ನೀವು ಒಯ್ತೀರೋ, ಗುಜರಿಯವಗ ಕೊಡ್ಲೋ?” ಅಂತ ಕೇಳಿದ. ಊಟ ಬಿಟ್ಟು ಓಡಿದೆ.

ಮಾಳಿಗೆಯ ಮೇಲೆ, ತೊಗರಿ ಚೀಲಗಳ ಹಿಂದೆ ಇತ್ತು. ಮುತ್ಯಾ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ಒಂದು ದಾಲ್ ಅಂಗಡಿಯ ಲೆಕ್ಕ ಬರೆಯುತ್ತಿದ್ದವರು, ತೀರಿಕೊಂಡು ಬಹಳ ವರ್ಷ ಆಗಿತ್ತು. ಅವರ ಹೆಂಡತಿ, ಆಯಿ, ಇದ್ದರು. ಪಡಸಾಲೆಯಲ್ಲಿ ಕೂತು ನಾನು ಹೊತ್ತು ತರುವುದನ್ನೇ ನೋಡುತ್ತಿದ್ದರು. ನಾನು ಅವರ ಜೊತೆ ಕೂತು ಮಾತಾಡಲಿಲ್ಲ. ಸೆಟ್ ಸಿಕ್ಕ ಖುಷಿ, ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾರೋ ಅನ್ನುವ ಭಯ, ಎರಡೂ ಇದ್ದವು. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದೆ. ಇದು ನನ್ನ ಮೊದಲ ತಪ್ಪು. ಎರಡನೆಯದು ಆ ರಾತ್ರಿಯೇ ಆಯಿತು.

ಅದನ್ನು ಹೇಳುವ ಮೊದಲು ಈ ಗಾಜಿನ ಬಗ್ಗೆ ಹೇಳಬೇಕು. ಹಳೇ ರೇಡಿಯೋದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗುವುದು ಡಯಲ್ ಗಾಜು, ಸ್ಟೇಷನ್ ಊರುಗಳ ಹೆಸರು ಅಚ್ಚಾಗಿರುವ ಮುಂದಿನ ಗಾಜು. ಜನ ಕಟ್ಟಿಗೆ ಪೆಟ್ಟಿಗೆಯ ಹೊಳಪು ನೋಡುತ್ತಾರೆ, ನಾನು ಗಾಜು ಓದುತ್ತೇನೆ. ಸೆಟ್ಟಿನ ವಯಸ್ಸು ಅಲ್ಲೇ ಬರೆದಿರುತ್ತದೆ. ದೇಶ ಇಬ್ಭಾಗವಾದಾಗ ಆಲ್ ಇಂಡಿಯಾ ರೇಡಿಯೋ ಹತ್ತಿರ ಒಂಬತ್ತು ಸ್ಟೇಷನ್ ಇದ್ದವು. ದೆಹಲಿ, ಮುಂಬೈ, ಕಲ್ಕತ್ತಾ, ಮದ್ರಾಸ್, ಲಖನೌ, ತಿರುಚಿರಾಪಳ್ಳಿ ಇತ್ತ ಉಳಿದವು. ಲಾಹೋರ್, ಪೇಶಾವರ, ಢಾಕಾ ಅತ್ತ ಹೋದವು. ಆ ಮೂರೂ ನಮ್ಮ ಊರುಗಳ ಸಾಲಿನಲ್ಲೇ ಕೂತಿರುವ ಗಾಜು ಸಿಕ್ಕರೆ ಸೆಟ್ ಆ ಕಾಲದ್ದಿರಬಹುದು ಅಂತ ಕಿವಿ ನಿಮಿರುತ್ತದೆ. ಧಾರವಾಡದ ಹೆಸರಿದ್ದರೆ 1950ರ ಈಚೆಗಿನದು. ಅಂಕಿಗಳ ಪಕ್ಕದ ಅಕ್ಷರವನ್ನೂ ನೋಡಿ. ಹಳೆಯವುಗಳಲ್ಲಿ ಕಿಲೋಸೈಕಲ್ ಅಂತ ಇರುತ್ತದೆ. ಕಿಲೋಹರ್ಟ್ಜ್ ಅಂತ ಇದ್ದರೆ ಸಾಮಾನ್ಯವಾಗಿ 1960ರ ನಂತರದ್ದು.

ನಮ್ಮ ಭಾಗದ ಕತೆ ಸ್ವಲ್ಪ ಬೇರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ನಿಜಾಮರ ಸೀಮೆ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಸ್ಟೇಷನ್ ಶುರು ಮಾಡಿದ್ದು 1935ರಲ್ಲಿ. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದಲೇ ಬಂತು. ಅದೇ ವರ್ಷ ಹೈದರಾಬಾದಿನಲ್ಲೂ ರೇಡಿಯೋ ಇತ್ತು. ಮುಂದೆ ಅದೇ ಡೆಕ್ಕನ್ ರೇಡಿಯೋ ಆಯಿತು. ಉರ್ದು ಅದರ ಮುಖ್ಯ ಭಾಷೆ. ತೆಲುಗು, ಮರಾಠಿ, ಕನ್ನಡಕ್ಕೂ ಸ್ವಲ್ಪ ಹೊತ್ತು ಇರುತ್ತಿತ್ತು. ಈ ಊರಿನಲ್ಲಿ ಆಗ ರೇಡಿಯೋ ಇದ್ದವರೇ ಬೆರಳೆಣಿಕೆ. 1948ರ ಸೆಪ್ಟೆಂಬರ್ 17ರ ಸಂಜೆ ನಿಜಾಮರು ಶರಣಾದ ಸುದ್ದಿ ಬಂದದ್ದೂ ರೇಡಿಯೋದಲ್ಲೇ. 1950ರ ಏಪ್ರಿಲ್‌ನಲ್ಲಿ ಆಲ್ ಇಂಡಿಯಾ ರೇಡಿಯೋ ಆ ಸ್ಟೇಷನ್ನನ್ನು ತನ್ನ ಕೈಗೆ ತೆಗೆದುಕೊಂಡಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಮನೆಯ ರೇಡಿಯೋ ಮುಳ್ಳು ಮಾತ್ರ ಹೈದರಾಬಾದಿನ ಮೇಲೇ ನಿಂತಿರುತ್ತಿತ್ತು. ಅದೇ ಹತ್ತಿರ, ಅದೇ ಚೆನ್ನಾಗಿ ಕೇಳುತ್ತಿತ್ತು. ಬುಧವಾರ ರಾತ್ರಿ ಮಾತ್ರ ಶಾರ್ಟ್ ವೇವ್‌ಗೆ ತಿರುಗಿಸಿ ರೇಡಿಯೋ ಸಿಲೋನ್, ಬಿನಾಕಾ ಗೀತಮಾಲಾ. ಯಾಕೆ ನಗುತ್ತಿದ್ದೀರಿ? ನೀವೂ ಕೇಳಿದವರೇ ಅಲ್ವಾ!

ಈ ಗಾಜಿನ ಮೇಲೆ ಹೈದರಾಬಾದ್ ಇದೆ, ಮುಂಬೈ ಇದೆ, ಸಿಲೋನ್ ಇದೆ. ಗುಲ್ಬರ್ಗ ಇಲ್ಲ. ಇರಲು ಬರುವುದೂ ಇಲ್ಲ. ನಮ್ಮ ಸ್ಟೇಷನ್ ಶುರುವಾಗಿದ್ದು 1966ರಲ್ಲಿ, ಸೆಟ್ ಅದಕ್ಕಿಂತ ಮೊದಲಿನದು. ಹೇಗೆ ಗೊತ್ತಾಯಿತು ಅಂದರೆ, ಜೊತೆಗೆ ಲೈಸೆನ್ಸ್ ಪುಸ್ತಕ ಸಿಕ್ಕಿತು. ಚಿಕ್ಕವರಿಗೆ ಗೊತ್ತಿರಲಿಕ್ಕಿಲ್ಲ, ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿದರೆ ಈ ಪುಸ್ತಕದಲ್ಲಿ ಸ್ಟಾಂಪ್ ಅಂಟಿಸಿ ಮುದ್ರೆ ಒತ್ತುತ್ತಿದ್ದರು. 1960ರ ದಶಕದಲ್ಲಿ ಮನೆಯ ಸೆಟ್ಟಿಗೆ 15 ರೂಪಾಯಿ ಇತ್ತು. ಈ ಪುಸ್ತಕದ ಮೊದಲ ಮುದ್ರೆ 1959ರದು. ಮುತ್ಯಾ ಒಂದು ವರ್ಷವೂ ತಪ್ಪಿಸಿಲ್ಲ. ಲೆಕ್ಕ ಬರೆಯುವವರಲ್ವಾ! ನೀವು ಯಾರ ಮನೆಯಿಂದ ರೇಡಿಯೋ ತಂದರೂ ಈ ಪುಸ್ತಕ ಕೇಳಿ. ರದ್ದಿಯಲ್ಲೋ ದೇವರ ಗೂಡಿನಲ್ಲೋ ಇರುತ್ತದೆ. ಬರೀ ಸೆಟ್ ನೋಡಿ ಊಹಿಸಿದ ಇಸವಿಗಿಂತ ಪೋಸ್ಟಾಫೀಸಿನ ಮುದ್ರೆ ಎಷ್ಟೋ ಗಟ್ಟಿ.

ಈಗ ಆ ರಾತ್ರಿಯ ಕತೆ. ಸೆಟ್ಟನ್ನು ಅಡುಗೆಮನೆಯ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಹೆಂಡತಿ ಬೈದಳು, ಅದು ಬೇರೆ ಮಾತು. ಹಿಂದಿನ ಹಲಗೆ ಬಿಚ್ಚಿದರೆ ಇಲಿ ಗೂಡು. ತೊಗರಿ ಹೊಟ್ಟು, ಬಟ್ಟೆ ಚೂರು, ಹಳೇ ಪಂಚಾಂಗದ ಹಾಳೆ. ಹಲ್ಲುಜ್ಜುವ ಬ್ರಷ್ಷು, ಪೇಂಟ್ ಬ್ರಷ್ಷು, ಸ್ಪಿರಿಟ್ಟು, ಹತ್ತಿ ಹಿಡಿದು ಕೂತೆ. ರಾತ್ರಿ ಎರಡರ ತನಕ ಉಜ್ಜಿದೆ. ಗಾಜಿನ ಮೇಲೆ, ಮೀಡಿಯಂ ವೇವ್ ಸಾಲಿನ ಹತ್ತಿರ, ಕೆಂಪಗೆ ಒಂದು ಜಿಡ್ಡಿನ ಕಲೆ ಇತ್ತು. ದಸರೆಗೆ ಮಿಷನ್ನಿಗೆಲ್ಲ ಕುಂಕುಮ ಹಚ್ಚುತ್ತೇವಲ್ಲ, ಅದೇ ಇರಬೇಕು ಅಂದುಕೊಂಡೆ. ಸ್ಪಿರಿಟ್ ಹಚ್ಚಿ ಒರೆಸಿದೆ. ಒಂದೇ ಸಲಕ್ಕೆ ಹೋಯಿತು. ಆ ಉತ್ಸಾಹದಲ್ಲಿ ಗಾಜಿನ ಹಿಂಬದಿಯನ್ನೂ ಒರೆಸಲು ಹೋದೆ, ಅಲ್ಲಿ ಒಂದು ಊರಿನ ಹೆಸರೇ ಎದ್ದು ಹತ್ತಿಗೆ ಬಂತು. ಅಕ್ಷರಗಳನ್ನು ಒಳಮೈಗೆ ಅಚ್ಚು ಹಾಕಿರುತ್ತಾರೆ. ಒಣ ಬ್ರಷ್ಷಿನಿಂದ ಧೂಳು ಹಾರಿಸುವುದು ಬಿಟ್ಟು ಅಲ್ಲಿಗೆ ಬೇರೇನೂ ತಾಗಿಸಬಾರದು. ಒದ್ದೆ ಬಟ್ಟೆಯನ್ನೂ ತಾಗಿಸಬಾರದು. ಇಲ್ಲಿ ಬಲಗಡೆ ಖಾಲಿ ಕಾಣುತ್ತಿದೆಯಲ್ಲ, ಅದು ನನ್ನ ಕೈಚಳಕ.

ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಫೋನ್ ಕಿಸೆಯಲ್ಲೇ ಇತ್ತು.

ಮೂರು ತಿಂಗಳು ಬಿಟ್ಟು ಸೆಟ್ ಹಾಡಿತು. ಆಯಿಗೆ ತೋರಿಸೋಣ ಅಂತ ಕಾರಿನಲ್ಲಿ ಒಯ್ದೆ. ಆಗ ಅವರು ಮಗನ ಹೊಸ ಮನೆಯಲ್ಲಿದ್ದರು. ಥಳಥಳ ಹೊಳೆಯುವ ಪೆಟ್ಟಿಗೆ ಮುಂದಿಟ್ಟೆ. ಅವರು ಪೆಟ್ಟಿಗೆ ನೋಡಲೇ ಇಲ್ಲ. ಗಾಜಿನ ಮೇಲೆ ಕೈ ಆಡಿಸಿದರು. “ಏ ತಮ್ಮಾ, ಬೊಟ್ಟ ಎಲ್ಲಿ ಹೋತು?” ಅಂದರು.

ಅವರಿಗೆ ಓದು ಬರಲ್ಲ. ಬಂದಿದ್ದರೂ ಗಾಜಿನ ಮೇಲಿದ್ದದ್ದು ಇಂಗ್ಲಿಷು. ಗುಲ್ಬರ್ಗದಲ್ಲೇ ಸ್ಟೇಷನ್ ಆದಾಗ ಮುತ್ಯಾ ಒಂದು ಸಂಜೆ ಮುಳ್ಳು ತಿರುಗಿಸಿ ಹುಡುಕಿ ಕೇಳಿಸಿದರಂತೆ. ಮರುದಿನ ಅವರು ಗಂಜಿಗೆ ಹೋದ ಮೇಲೆ ಆಯಿಗೆ ಆ ಜಾಗ ಸಿಗಲಿಲ್ಲ. ಸಂಜೆ ಮತ್ತೆ ಕೇಳಿ, ಮುಳ್ಳು ನಿಂತ ಕಡೆ ಹಣೆಗೆ ಹಚ್ಚುವ ಮೇಣ ಒತ್ತಿ ಅದರ ಮೇಲೆ ಕುಂಕುಮ ಇಟ್ಟರು. “ರೇಡಿಯೋಕ್ಕ ನಾನೇ ಬೊಟ್ಟ ಇಟ್ಟಿದ್ದೆ. ಅಲ್ಲಿಗಿ ತಂದು ನಿಲ್ಲಸಿದ್ರ ನಮ್ಮೂರಿಂದು ಬರ್ತಿತ್ತು” ಅಂದರು. ಒಣಗಿದಾಗ ಮತ್ತೆ ಇಡುತ್ತಿದ್ದರಂತೆ. ಎಷ್ಟು ಪದರ ಇತ್ತೋ ಏನೋ, ನಾನು ಒಂದೇ ಹತ್ತಿಯಲ್ಲಿ ತೆಗೆದುಬಿಟ್ಟಿದ್ದೆ.

ಕಂಪನಿ ಅಚ್ಚು ಹಾಕದೆ ಹೋದ ಊರನ್ನು ಒಬ್ಬ ಹೆಣ್ಣುಮಗಳು ತಾನೇ ಅಚ್ಚು ಹಾಕಿದ್ದಳು. ಇಂಥ ಮರ್ಫಿ ಸೆಟ್ ದೇಶದಲ್ಲಿ ಸಾವಿರಗಟ್ಟಲೆ ಇರಬಹುದು. ಅದರ ವಾಲ್ವ್ ಸಿಗುತ್ತದೆ, ಗುಂಡಿ ಸಿಗುತ್ತದೆ, ಗಾಜನ್ನೂ ಹೊಸದಾಗಿ ಮಾಡಿಕೊಡುವವರಿದ್ದಾರೆ. ಈ ಸೆಟ್ಟಿನಲ್ಲಿ ಮಾತ್ರ ಇದ್ದದ್ದು ಆ ಬೊಟ್ಟು. ಅಂದಿನಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಈಗ ಸೆಟ್ ಮನೆಗೆ ಬಂದರೆ ಒಂದು ವಾರ ಒರೆಸುವ ಬಟ್ಟೆ ಮುಟ್ಟುವುದಿಲ್ಲ.

ಆ ವಾರ ಏನು ಮಾಡುತ್ತೇನೆ ಅಂದರೆ, ಬರೆಯುತ್ತೇನೆ. ಈ ಲೆಕ್ಕದ ಪುಸ್ತಕ ನೋಡಿ, ಉದ್ದನೆಯ ಖಾತೆ ಬುಕ್ಕು. ಸೆಟ್ಟಿಗೊಂದು ನಂಬರ್. ಯಾವ ಊರು, ಯಾವ ಓಣಿ, ಯಾವ ದಿನ ಬಂತು. ಮನೆಯವರು ಒಪ್ಪಿದರೆ ಅವರ ಹೆಸರು. ಹಿಂದಿನ ಹಲಗೆಯ ಚೀಟಿಯಲ್ಲಿರುವ ಮಾಡೆಲ್ ನಂಬರ್, ಚಾಸಿಯ, ಅಂದರೆ ಭಾಗಗಳನ್ನು ಕೂರಿಸಿದ ಕಬ್ಬಿಣದ ತಟ್ಟೆಯ, ಮೇಲೆ ಒತ್ತಿದ ನಂಬರ್. ಇವೆರಡೂ ಬೇರೆ ಬೇರೆ, ಗೊಂದಲ ಮಾಡಿಕೊಳ್ಳಬೇಡಿ. ಫೋಟೋ ಮುಂದಿನಿಂದ, ಹಿಂದಿನಿಂದ, ಚಾಸಿಯ ಅಡಿಯಿಂದ. ಅಡಿಯ ಫೋಟೋ ಇಲ್ಲದೆ ಒಂದು ವೈರೂ ಬಿಚ್ಚಬೇಡಿ. ಡಯಲ್ ದಾರ ಯಾವ ಗಾಲಿಗೆ ಎಷ್ಟು ಸುತ್ತು ಹೋಗಿದೆ ಅಂತ ಚಿತ್ರ ಬರೆದುಕೊಳ್ಳಿ. ಅದು ಒಮ್ಮೆ ಕಡಿದುಹೋದರೆ ಮತ್ತೆ ಸುತ್ತುವುದು ಅಂದರೆ, ಅಯ್ಯಪ್ಪಾ, ನನ್ನ ಒಂದು ಇಡೀ ಭಾನುವಾರ ಹೋಗಿದೆ. ಪೆಟ್ಟಿಗೆಯ ಒಳಗೋಡೆಯಲ್ಲಿ ಮೆಕ್ಯಾನಿಕ್ ಪೆನ್ಸಿಲಿನಲ್ಲಿ ಬರೆದ ತಾರೀಖು ಇರುತ್ತದೆ, ಉರ್ದುವಿನಲ್ಲೂ ಇರಬಹುದು. ಅದನ್ನು ಹಾಗೇ ಬಿಡಿ.

ಆಮೇಲೆ ವಾಲ್ವ್‌ಗಳು. ಯಾವ ಸಾಕೆಟ್ಟಿನಲ್ಲಿ ಯಾವುದು, ಯಾವ ಕಂಪನಿಯದು, ಎಲ್ಲ ಬರೆಯಬೇಕು. ಈ ಸೆಟ್ಟಿನಲ್ಲಿ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80, ಕಣ್ಣಿಗೆ ಇಎಂ 80. ಮಂತ್ರದ ಹಾಗೆ ಕೇಳಿಸುತ್ತದೆ, ಆದರೆ ಪ್ರತಿ ಅಕ್ಷರಕ್ಕೂ ಅರ್ಥ ಇದೆ. ಮೊದಲ ‘ಇ’ ಅಂದರೆ ಒಳಗಿನ ತಂತಿ ಕಾಯಲು 6.3 ವೋಲ್ಟ್ ಬೇಕು. ‘ಎಲ್’ ಅಂದರೆ ಸ್ಪೀಕರನ್ನು ಕುಣಿಸುವ ಔಟ್‌ಪುಟ್ ವಾಲ್ವ್. ‘ಝಡ್’ ಎಸಿಯನ್ನು ಡಿಸಿ ಮಾಡುವುದು. ‘ಎಂ’ ಕಣ್ಣು. ಅಂಕಿ 80ರಿಂದ 89ರ ತನಕ ಇದ್ದರೆ ಒಂಬತ್ತು ಪಿನ್ನಿನ ವಾಲ್ವ್. ಈ ಸೆಟ್ಟಿನ ಇಎಲ್ 84ರ ಮೇಲೆ ಬಿಇಎಲ್ ಅಂತ ಇದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ರೇಡಿಯೋ ವಾಲ್ವ್ ಮಾಡಲು ಶುರು ಮಾಡಿದ್ದು 1961ರಲ್ಲಿ. ಸೆಟ್ಟಿನ ಲೈಸೆನ್ಸ್ 1959ರದು. ಅಂದರೆ ಈ ವಾಲ್ವ್ ಆಮೇಲೆ ಯಾರೋ ಹಾಕಿದ್ದು. ಪೊಲೀಸರ ಕೆಲಸದ ಹಾಗೆ, ಮಜಾ ಇದೆ.

‘ಡಿ’ ಅಕ್ಷರದವು ಬ್ಯಾಟರಿ ಸೆಟ್ಟಿನವು, ತಂತಿಗೆ 1.4 ವೋಲ್ಟ್ ಸಾಕು. ಕರೆಂಟ್ ಇಲ್ಲದ ಹಳ್ಳಿಗಳಲ್ಲಿ ಇವೇ ಇದ್ದವು. ತಂತಿ ಕಾಯಿಸಲು ಒಂದು ಬ್ಯಾಟರಿ, ಜೊತೆಗೆ 90 ವೋಲ್ಟಿನ ಇನ್ನೊಂದು. ಬ್ಯಾಟರಿ ತುಟ್ಟಿ. ಅದಕ್ಕೇ ವಾರ್ತೆ ಮುಗಿದ ಕೂಡಲೇ ಗೌಡರ ಮನೆ ರೇಡಿಯೋ ಬಂದ್. ಬೀದರ್, ಯಾದಗಿರಿ ಕಡೆ ಯಾರ ಮನೆಯಲ್ಲಾದರೂ ಇಂಥದ್ದು ಇದ್ದರೆ ದಯವಿಟ್ಟು ನನಗೊಮ್ಮೆ ತೋರಿಸಿ. ಕೊಡುವುದು ಬೇಡ.

‘ಯು’ ಅಕ್ಷರದ ವಾಲ್ವ್ ಕಂಡರೆ ಮಾತ್ರ ಹುಷಾರು. ಅಂಥ ಸೆಟ್ಟಿನಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ವಾಲ್ವ್‌ಗಳ ತಂತಿಗಳನ್ನು ದೀಪಾವಳಿ ಸರದ ಹಾಗೆ ಒಂದಕ್ಕೊಂದು ಪೋಣಿಸಿ ನೇರ ಮನೆಯ ಕರೆಂಟಿಗೆ ಕೊಟ್ಟಿರುತ್ತಾರೆ. ಒಂದು ಹೋದರೆ ಎಲ್ಲವೂ ಆರುತ್ತವೆ. ಅದು ಪರವಾಗಿಲ್ಲ. ಆದರೆ ಚಾಸಿಗೇ ಕರೆಂಟಿನ ಒಂದು ಎಳೆ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ಕಬ್ಬಿಣದ ತಟ್ಟೆ 230 ವೋಲ್ಟ್. ಗುಂಡಿ ಬಿದ್ದುಹೋಗಿ ಬರೀ ಕಡ್ಡಿ ಉಳಿದಿದ್ದರೆ ಅದನ್ನು ಮುಟ್ಟಿದರೂ ಸಾಕು.

ನನ್ನ ಸೆಟ್ಟಿನಂಥ ಎಸಿ ಸೆಟ್ಟೂ ಸಾಧು ಅಲ್ಲ. ಒಳಗೆ 250 ವೋಲ್ಟಿನ ಹತ್ತಿರ ಡಿಸಿ ಓಡಾಡುತ್ತದೆ. ಫಿಲ್ಟರ್ ಕಂಡೆನ್ಸರ್, ಅಂದರೆ ವಿದ್ಯುತ್ ಕೂಡಿಡುವ ಭಾಗ, ಸ್ವಿಚ್ ಆರಿಸಿದ ಮೇಲೂ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಹಳೇ ಮೆಕ್ಯಾನಿಕ್‌ಗಳು ಒಂದು ಕೈ ಕಿಸೆಯಲ್ಲಿಟ್ಟು ಇನ್ನೊಂದರಿಂದ ಕೆಲಸ ಮಾಡುತ್ತಿದ್ದರು. ಠೀವಿಗೆ ಅಲ್ಲ. ಎರಡೂ ಕೈ ಒಳಗಿದ್ದರೆ ಕರೆಂಟು ಎದೆ ದಾಟಿ ಹೋಗುತ್ತದೆ.

ಈಗ ಆ 60 ವ್ಯಾಟ್ ಬಲ್ಬಿನ ಮಾತು. ಮಾಳಿಗೆಯಿಂದ ಇಳಿಸಿದ ಸೆಟ್ಟನ್ನು ಸೀದಾ ಪ್ಲಗ್ಗಿಗೆ ಹಾಕಬೇಡಿ. ‘ನಡೀತದೋ ಇಲ್ಲೋ ನೋಡಮ’ ಅನ್ನುವ ಆಸೆ ಎಷ್ಟೋ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ. ಸೆಟ್ಟಿಗೆ ಕರೆಂಟ್ ಹೋಗುವ ದಾರಿಯಲ್ಲಿ ಒಂದು ಬಲ್ಬ್ ಹಾಕಿ. ಹಳೇ ತಂತಿಯ ಬಲ್ಬ್, ಎಲ್‌ಇಡಿ ಅಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ಹೊಡೆತ ತಾನು ತಿನ್ನುತ್ತದೆ, ಸೆಟ್ ಉಳಿಯುತ್ತದೆ. ಮಂಕಾಗಿ ಉರಿದರೆ ಉಸಿರು ಬಿಡಬಹುದು. ವಾಲ್ವ್‌ಗಳು ಗಟ್ಟಿ ಮುಂಡೇವು, ಅರವತ್ತು ವರ್ಷ ಆದರೂ ನಡೆಯುತ್ತವೆ. ಕೈಕೊಡುವುದು ಕಂಡೆನ್ಸರ್. ಕಾಗದದ ಮೇಲೆ ಮೇಣ ಸುತ್ತಿದವು. ನಮ್ಮ ಬೇಸಿಗೆ ಗೊತ್ತಲ್ಲ, ಮಾಳಿಗೆಯ ಬಿಸಿಗೆ ಮೇಣ ಇಳಿದುಹೋಗಿರುತ್ತದೆ. ಅದರಲ್ಲೂ ಇಎಲ್ 84ರ ಬಾಗಿಲಲ್ಲಿ ಕೂತಿರುವ 0.01 ಮೈಕ್ರೋಫ್ಯಾರಡ್‌ನ ಒಂದು ಪುಟ್ಟ ಕಂಡೆನ್ಸರ್ ಸೋರಿದರೆ, ಆ ವಾಲ್ವಿನ ತಗಡು ಕೆಂಪಗೆ ಕಾದು ಟ್ರಾನ್ಸ್‌ಫಾರ್ಮರಿನ ತನಕ ಎಳೆದುಕೊಂಡು ಹೋಗುತ್ತದೆ. ಹತ್ತು ರೂಪಾಯಿ ಮಾಲು, ಮೊದಲು ಅದನ್ನು ಬದಲಾಯಿಸಿ. ತೆಗೆದ ಹಳೇದನ್ನು ಮಾತ್ರ ಎಸೆಯಬೇಡಿ. ನಾನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಯಾವ ಜಾಗದ್ದು, ಯಾವ ದಿನ ತೆಗೆದೆ ಅಂತ ಚೀಟಿ ಬರೆದು ಪೆಟ್ಟಿಗೆಯ ಒಳಗೇ ಕಟ್ಟುತ್ತೇನೆ. ಮುಂದೆ ತೆರೆಯುವವನಿಗೆ ಏನು ಮೂಲದ್ದು, ಏನು ನನ್ನದು ಅಂತ ತಿಳಿಯಬೇಕಲ್ಲ.

ಪೆಟ್ಟಿಗೆಗೆ ಪಾಲಿಶ್ ಮಾಡಬೇಕೋ ಬೇಡವೋ ಅಂತ ಎಲ್ಲರೂ ಕೇಳುತ್ತಾರೆ. ಕರಾವಳಿಯವರಿಗೆ ತುಕ್ಕಿನ ಕಾಟ, ನಮಗೆ ಬಿರುಕಿನ ಕಾಟ. ಎದ್ದ ಕಟ್ಟಿಗೆ ಹಾಳೆಯನ್ನು ಅಂಟಿಸಿ. ಕೆರೆದು ಹೊಸ ವಾರ್ನಿಶ್ ಬಳಿಯಬೇಡಿ. ಇದು ನನ್ನ ಅಭಿಪ್ರಾಯ. ಹೊಳೆಯುವ ಸೆಟ್ಟಿಗೆ ಪೇಟೆಯಲ್ಲಿ ಜಾಸ್ತಿ ಬೆಲೆ ಸಿಗುತ್ತದೆ ಅನ್ನುವವರ ಜೊತೆ ನಾನು ಜಗಳಕ್ಕೆ ಹೋಗಲ್ಲ.

ಹಿಂದಿನಿಂದ ಒಬ್ಬ ತಂಗಿ ಆಗಲೇ ಕೈ ಎತ್ತಿದ್ದಳು. ಏನವ್ವಾ? ಹಾಂ, ಒಳ್ಳೇ ಪ್ರಶ್ನೆ. ‘ಬೊಟ್ಟನ್ನು ನೀವೇ ಮತ್ತೆ ಇಡಬಹುದಲ್ಲ?’ ಅಂತ ಕೇಳುತ್ತಿದ್ದಾಳೆ.

ಇಡಬಹುದು. ನನ್ನ ಹೆಂಡತಿಯೂ ಅದನ್ನೇ ಅಂದಳು. ಆದರೆ ನಾನಿಟ್ಟರೆ ಅದು ನನ್ನ ಬೊಟ್ಟು. ಆಯಿಗೇ ಇಡಲು ಕೇಳಿದೆ. ಅವರು ನಕ್ಕು, “ಈಗ ಯಾಕ? ಕೇಳೋರು ಯಾರು?” ಅಂದರು. ಅದಕ್ಕೇ ಬೇರೆ ದಾರಿ ಮಾಡಿದೆ. ಸೆಟ್ ಅವರ ಮುಂದಿಟ್ಟು ಮುಳ್ಳನ್ನು ಎಡದಿಂದ ಮೆಲ್ಲಗೆ ತಿರುಗಿಸುತ್ತಾ ಹೋದೆ. ಅವರ ಗುರುತು ಅಂಕಿ ಅಲ್ಲ. “ಬಾಚಣಿಕಿ ಹಂಗ ಒಂದು ಅಕ್ಷರ ಅದ ನೋಡು, ಅದರ ಕೆಳಗ. ಇನ್ನಾ ಸ್ವಲ್ಪ. ಇನ್ನಾ. ಹಾಂ, ನಿಲ್ಲ.” ಬಾಚಣಿಕೆ ಅಂದರೆ ಇಂಗ್ಲಿಷಿನ ‘ಇ’. ಮುಳ್ಳು ಸಾವಿರದ ನೂರರ ಗೆರೆಯ ಪಕ್ಕಕ್ಕೆ ನಿಂತಿತ್ತು. ಕಲಬುರಗಿ ಆಕಾಶವಾಣಿಯ ಮೀಡಿಯಂ ವೇವ್ ಜಾಗ 1107 ಕಿಲೋಹರ್ಟ್ಜ್. 1978ರ ನವೆಂಬರಿನಲ್ಲಿ ಎಲ್ಲ ಸ್ಟೇಷನ್‌ಗಳನ್ನೂ ಒಂಬತ್ತರ ಮಗ್ಗಿಯ ಮೇಲೆ ತಂದು ಕೂರಿಸಿದರು. ಬೆಂಗಳೂರು 610 ಇದ್ದದ್ದು 612 ಆಯಿತು. ಇಷ್ಟು ಸಣ್ಣ ಸರಿದಾಟಕ್ಕೆ ಬೊಟ್ಟು ಕದಲಿಸುವ ಕೆಲಸ ಯಾರಿಗೂ ಬೀಳುತ್ತಿರಲಿಲ್ಲ.

ಆಯಿಯ ಬೆರಳು ಗಾಜಿನ ಮೇಲೆ ಇರುವಾಗಲೇ ಫೋಟೋ ತೆಗೆದೆ. ಅವರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದೆ, ಇಪ್ಪತ್ತೆರಡು ನಿಮಿಷ. ಮೊಮ್ಮಗನ ಒಪ್ಪಿಗೆ ಪಡೆದು ಅದರ ಒಂದು ಪ್ರತಿ ಅವನಿಗೂ ಕೊಟ್ಟಿದ್ದೇನೆ. ಖಾತೆ ಬುಕ್ಕಿನ ಈ ಪುಟದಲ್ಲಿ ‘ಕುಂಕುಮದ ಗುರುತು, ಮೀಡಿಯಂ ವೇವ್ ಸಾಲು, ನಾನು ಅಳಿಸಿದ್ದು’ ಅಂತ ಬರೆದು ತಾರೀಖು ಹಾಕಿದ್ದೇನೆ.

ಸೆಟ್ ಇನ್ನೂ ಉರಿಯುತ್ತಿದೆ, ಹಿಂದಿನ ಹಲಗೆ ಬಿಚ್ಚಿಟ್ಟಿದ್ದೇನೆ. ನೋಡುವವರು ಒಬ್ಬೊಬ್ಬರಾಗಿ ಈ ಕಡೆಯಿಂದ ಬನ್ನಿ. ಒಳಗೆ ಬೆರಳು ಹಾಕುವುದು ಬೇಡ. ಒಂದು ಕೈ ಕಿಸೆಯಲ್ಲಿ ಇರಲಿ. ಸೀರೆ ಉಟ್ಟವರು ಬೆನ್ನ ಹಿಂದೆ ಇಟ್ಟುಕೊಂಡರೂ ನಡೆಯುತ್ತದೆ.